ಮುಟ್ಟಬೇಡಿ ಎಂದು ಬರೆದ ಡಿಸ್ಕು

"ಇದರಲ್ಲಿರೋದನ್ನೆಲ್ಲ ಅಳಿಸಿಬಿಡಿ!"

ಕಂಪ್ಯೂಟರಿನ ದೊಡ್ಡ ಕರಿ ಡಬ್ಬವೊಂದು ದಢಾರನೆ ಕೌಂಟರಿನ ಮೇಲೆ ಬಂದು ಕೂತಿತು. ಮಾತು ಅದರ ಹಿಂದಿನಿಂದ ಬಂದಿತ್ತು.

ಅವಳು ಸ್ಕ್ರೂಡ್ರೈವರ್ ಕೆಳಗಿಟ್ಟು ಕತ್ತೆತ್ತಿದಳು. ಎದುರಿಗೆ ನಿಂತವನ ಬೆರಳ ತುಂಬಾ ಬಣ್ಣದ ಕಲೆ, ನಾಲ್ಕು ದಿನದ ಗಡ್ಡ, ನಿದ್ದೆ ಕಾಣದ ಕೆಂಪು ಕಣ್ಣು. ಅಂಗಿಯ ಗುಂಡಿಗಳನ್ನು ಒಂದು ಮನೆ ತಪ್ಪಿಸಿ ಹಾಕಿಕೊಂಡಿದ್ದ.

"ಸ್ವಾಮೀ, ಅದು ಕಂಪ್ಯೂಟರು, ಹಿಟ್ಟಿನ ಮೂಟೆ ಅಲ್ಲ. ಮೆಲ್ಲಗೆ ಇಡಬೇಕು!"

ಇವಳ ಕೋಪ ಯಾವಾಗಲೂ ಮೂಗಿನ ತುದಿಯಲ್ಲೇ. ದೊಡ್ಡಪ್ಪನ ರಿಪೇರಿ ಅಂಗಡಿಯಲ್ಲಿ ಆರು ವರ್ಷದಿಂದ ಕೂತಿದ್ದಾಳೆ. ಬೀದಿಯವರೆಲ್ಲ ಡಾಕ್ಟ್ರಮ್ಮ ಅಂತಲೇ ಕರೆಯುತ್ತಾರೆ. ಕೆಟ್ಟ ಮೆಷಿನ್ನಿಗೆ ಜೀವ ಬರಿಸುತ್ತಾಳೆ ಅನ್ನುವುದು ಒಂದು ಕಾರಣ, ಬಂದ ಗಿರಾಕಿಗೆಲ್ಲ ಬೈಯುತ್ತಾಳೆ ಅನ್ನುವುದು ಇನ್ನೊಂದು. ಆಗ ದೊಡ್ಡಪ್ಪ ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಮಗಳ ಮನೆಗೆ ಹೋಗಿದ್ದರು. ಅಂಗಡಿ ಪೂರ್ತಿ ಇವಳ ಕೈಯಲ್ಲಿತ್ತು.

"ಎಲ್ಲಾ ಅಂದ್ರೆ ಎಲ್ಲಾನಾ?" ಅಂತ ಕೇಳಿದಳು.

"ವೈರಸ್ಸು. ಎರಡು ಸಲ ಕ್ಲೀನ್ ಮಾಡಿಸಿದೆ, ಮತ್ತೆ ಬಂತು. ನಾಳಿದ್ದು ಶಾಲೆಯವರಿಗೆ ಬೋರ್ಡು ಕೊಡಬೇಕು, ಅಕ್ಷರ ಕತ್ತರಿಸೋ ಮೆಷಿನ್ನೇ ಓಡ್ತಿಲ್ಲ. ಬುಡಸಮೇತ ಒರೆಸಿ ಹೊಸದಾಗಿ ವಿಂಡೋಸ್ ಹಾಕಿಬಿಡಿ." ಒಂದು ಕ್ಷಣ ತಡೆದ. "ಒಂದು ಡಿಸ್ಕ್ ಮಾತ್ರ ಬಿಟ್ಟು..."

ಮಾತಾಡುತ್ತಲೇ ಗೋಡೆಯ ಮೇಲಿದ್ದುದನ್ನೆಲ್ಲ ಅವನು ಓದುತ್ತಿದ್ದ. ಅಂಗಡಿಯ ನಿಯಮಗಳು, ಕ್ಯಾಲೆಂಡರು, ಸ್ವಿಚ್ಚಿನ ಮೇಲಿನ ಚೀಟಿ... ಒಂದನ್ನೂ ಬಿಡಲಿಲ್ಲ!

"ನಿಮ್ಮ ಬೆಂಕಿ ಆರಿಸೋ ಸಿಲಿಂಡರಿನ ಅವಧಿ ಹೋದ ತಿಂಗಳೇ ಮುಗಿದಿದೆ," ಅಂದ.

"ಕಂಪ್ಯೂಟರ್ ರಿಪೇರಿಗೆ ಬಂದ್ರಾ, ಅಂಗಡಿ ತಪಾಸಣೆಗೆ ಬಂದ್ರಾ?"

"ಚಟ," ಅಂದ ಸಣ್ಣಗೆ. "ಬೋರ್ಡಿನ ಕೆಲಸ ನಂದು. ಕತ್ತರಿಸಿದ ಮೇಲೆ ತಪ್ಪು ಕಂಡ್ರೆ ಶೀಟು ದಂಡ. ಮೂರು ಸಲ ಓದದೆ ಯಾವುದಕ್ಕೂ ಕೈ ಹಾಕಲ್ಲ."

ಆ ಮಾತನ್ನು ಅವಳು ಆ ಕ್ಷಣವೇ ಮರೆತಳು. ನೀವು ಮರೆಯಬೇಡಿ.

ಡಬ್ಬದ ಮುಚ್ಚಳ ಬಿಚ್ಚಿದಳು. ಒಳಗೆ ಎರಡು ಡಿಸ್ಕು. ಚಿಕ್ಕದರಲ್ಲಿ ವಿಂಡೋಸ್ ಮತ್ತು ವೈರಸ್ಸು. ದೊಡ್ಡದನ್ನು ಅವನು ಬೆರಳಿನಿಂದ ತೋರಿಸಿದ, ಮುಟ್ಟಲಿಲ್ಲ.

"ಅದರಲ್ಲಿ ನನ್ನ ಹೆಂಡತಿ ಇದ್ದಾಳೆ."

ಅವಳ ಕೈ ನಿಂತಿತು.

"ಅಂದ್ರೆ... ಅವಳ ದನಿ. ನರ್ಸ್ ಆಗಿದ್ಲು. ಡ್ಯೂಟಿಗೆ ಹೋಗೋ ಮುಂಚೆ ದಿನಾ ಫೋನಲ್ಲಿ ಒಂದು ಮಾತು ರೆಕಾರ್ಡ್ ಮಾಡಿ ಕಳಿಸೋಳು. ನಾನು ಮರೆಗುಳಿ. ಸ್ಟವ್ ಆರಿಸಿ, ಬಾಗಿಲು ಹಾಕಿ, ಹಾಲು ನೋಡ್ಕೊಳ್ಳಿ... ಅಂಥವು. ಆರುನೂರು ಇವೆ. ಅವಳು ಹೋಗಿ ಎರಡು ವರ್ಷ ಆಯ್ತು."

"ಬೇರೆ ಕಡೆ ಕಾಪಿ ಇಟ್ಟಿದ್ದೀರಾ?"

"ಇಲ್ಲ. ಆ ಫೋನೂ ಕೆಟ್ಟುಹೋಯ್ತು. ಕಾಪಿ ಮಾಡೋಕೆ ಕೂತ್ರೆ ಕೇಳೋಕೆ ಶುರು ಮಾಡಿಬಿಡ್ತೀನಿ. ಆಮೇಲೆ ಏಳೋಕಾಗಲ್ಲ."

ದೊಡ್ಡಪ್ಪನ ಅಂಗಡಿಯಲ್ಲಿ ಒಂದು ಪದ್ಧತಿ ಇತ್ತು. ಉಳಿಯಬೇಕಾದ ಡಿಸ್ಕಿನ ಮೇಲೆ ಗಿರಾಕಿಯೇ ತನ್ನ ಕೈಯಾರೆ 'ಮುಟ್ಟಬೇಡಿ' ಅಂತ ಬರೆದು ಅಂಟಿಸಬೇಕು. ಆಮೇಲೆ ಇವರು ಆ ಡಿಸ್ಕಿನ ಕೇಬಲ್ ಕಿತ್ತಿಡಬೇಕು. ಕೇಬಲ್ ಕಿತ್ತರೆ ಅದು ಮೆಷಿನ್ನಿನ ಕಣ್ಣಿಗೆ ಬೀಳುವುದೇ ಇಲ್ಲ, ಅಳಿಯುವ ಮಾತೇ ಇಲ್ಲ. ಕೊನೆಗೆ, ಅಳಿಸುವ ಕೀಲಿ ಒತ್ತುವುದು ಮಾತ್ರ ಗಿರಾಕಿ. 'ಅವರ ವಸ್ತು, ಅವರ ಬೆರಳು' ಅನ್ನುತ್ತಿದ್ದರು ದೊಡ್ಡಪ್ಪ.

ಅವನು ಚೀಟಿ ತೆಗೆದುಕೊಂಡು ಬರೆದ. ಮುಟ್ಟಬೇಡಿ. ಅಬ್ಬಾ, ಎಂಥ ಅಕ್ಷರ! ಅಳತೆ ಹಿಡಿದು ಕೆತ್ತಿದ ಹಾಗೆ. ಆದರೆ ಚೀಟಿಯನ್ನು ವಾರೆಯಾಗಿ ಅಂಟಿಸಿದ. ಭುಜ ಅಲುಗಾಡಿತು. ಶಬ್ದವಿಲ್ಲದೆ, ಕೌಂಟರ್ ಹಿಡಿದುಕೊಂಡು, ನಿಂತಲ್ಲೇ ಅತ್ತುಬಿಟ್ಟ.

ಅವಳ ಕೈ ಆಗಲೇ ಡಬ್ಬದೊಳಗೆ ಕೇಬಲ್ಲಿನ ಮೇಲಿತ್ತು. ಗಂಡಸೊಬ್ಬ ಹೀಗೆ ಅಳುವುದನ್ನು ಅವಳು ನೋಡೇ ಇರಲಿಲ್ಲ. ಕೈ ಈಚೆ ತೆಗೆದು, ಓಡಿ ಹೋಗಿ ನೀರು ತಂದಳು. ಕುರ್ಚಿ ಎಳೆದು ಕೂರಿಸಿದಳು. ಅವನು ಸುಧಾರಿಸಿಕೊಂಡ ಮೇಲೆ ಮುಚ್ಚಳ ಹಾಕಿ ಸ್ಕ್ರೂ ತಿರುಗಿಸಿದಳು.

ಕೇಬಲ್ ಅಲ್ಲೇ ಇತ್ತು!

ಪೆನ್‌ಡ್ರೈವ್ ಸಿಕ್ಕಿಸಿ ಮೆಷಿನ್ ಎಬ್ಬಿಸಿದಳು. ಕಪ್ಪು ಪರದೆಯ ಮೇಲೆ ಡಿಸ್ಕುಗಳ ಪಟ್ಟಿ ಬಂತು. ಈ ಅಂಗಡಿಯಲ್ಲಿ ಆ ಪಟ್ಟಿಯಲ್ಲಿ ಯಾವತ್ತೂ ಒಂದೇ ಸಾಲು ಇರುತ್ತದೆ, ಡಿಸ್ಕ್ ಸೊನ್ನೆ. ಬೇರೆಯದರ ಕೇಬಲ್ ಕಿತ್ತಿರುತ್ತದಲ್ಲ! ಆರು ವರ್ಷದಿಂದ ಇವಳ ಬೆರಳು ನೋಡದೆಯೇ ಸೊನ್ನೆ ಒತ್ತಿ ಅಭ್ಯಾಸ. ಇವತ್ತು ಎರಡು ಸಾಲಿದ್ದವು. ಸೊನ್ನೆಯ ಮುಂದೆ ಇದ್ದದ್ದು ದೊಡ್ಡ ಡಿಸ್ಕು.

ಅವಳು ಸೊನ್ನೆ ಒತ್ತಿದಳು. ಕಣ್ಣು ಅವನ ಮೇಲಿತ್ತು.

"ಓದಿ ನೋಡಿ, ನೀವೇ ಎಂಟರ್ ಒತ್ತಬೇಕು," ಅಂದಳು. "ಒಂದೊಂದು ಜಾಗಕ್ಕೂ ಸೊನ್ನೆ ತುಂಬಿಕೊಂಡು ಹೋಗತ್ತೆ. ಹೋದದ್ದು ವಾಪಸ್ ಬರಲ್ಲ."

ಅವನು ಬಗ್ಗಿ ಓದಿದ. ಬೆರಳು ಕೀಲಿಯ ಮೇಲೆ ಬಂದು ನಿಂತಿತು. ತುಂಬಾ ಹೊತ್ತು ನಿಂತಿತು... ಎಷ್ಟು ಹೊತ್ತೆಂದರೆ ಅವಳಿಗೆ ಫ್ಯಾನಿನ ಕಿರ್ರ್ ಸದ್ದು ಕೇಳತೊಡಗಿತು. ಪಾಪ, ಹೆದರಿಕೆ ಅಂದುಕೊಂಡಳು.

ಒತ್ತಿದ.

"ಎರಡು ಗಂಟೆ ಬಿಟ್ಟು ಬನ್ನಿ," ಅಂದಳು. ಅವನು ಬೀದಿಗಿಳಿದ.

ಒಂದು ಗಂಟೆಯೂ ಆಗಿರಲಿಲ್ಲ. ಅಂಗಡಿಯ ಗಾಜಿನ ಬಾಗಿಲು ಪಟಾರೆಂದು ತೆರೆಯಿತು. ಏದುಸಿರು ಬಿಡುತ್ತಾ ಅವನು!

"ನಿಲ್ಲಿಸಿ! ನಿಲ್ಲಿಸೋಕಾಗತ್ತಾ? ನಿಲ್ಲಿಸಿಬಿಡಿ!"

"ಯಾಕೆ, ಏನಾಯ್ತು..." ಅನ್ನುತ್ತಾ ಅವಳು ಪರದೆ ನೋಡಿದಳು. ಮೊದಲ ಸಲ ಸರಿಯಾಗಿ ನೋಡಿದಳು. ಒಂಬೈನೂರ ಮೂವತ್ತೊಂದು ಜಿಬಿ. ಚಿಕ್ಕ ಡಿಸ್ಕು ಇನ್ನೂರ ಇಪ್ಪತ್ತಮೂರು ಅಲ್ಲವಾ?

ಗೋಡೆಯಿಂದ ಪ್ಲಗ್ಗನ್ನೇ ಕಿತ್ತೆಸೆದಳು.

ಮುಚ್ಚಳ ತೆಗೆದರೆ ಕೇಬಲ್ ಅವಳನ್ನೇ ನೋಡುತ್ತಿತ್ತು. 'ಮುಟ್ಟಬೇಡಿ' ಅನ್ನುವ ಚೀಟಿಯೂ.

"ಸುಮಾರು ಅರ್ಧ ಹೋಗಿದೆ," ಅಂದಳು. "ಉಳಿದರ್ಧದ ಪಟ್ಟಿಯೂ ಹೋಗಿದೆ. ಯಾವ ಫೈಲ್ ಎಲ್ಲಿದೆ ಅಂತ ಮೆಷಿನ್ನಿಗೇ ಗೊತ್ತಿಲ್ಲ ಈಗ."

ಅವನು ನೆಲದ ಮೇಲೆ ಕುಸಿದು ಕೂತ.

"ನಾನೇ ಒತ್ತಿದ್ದು... ನನ್ನ ಕೈಯಾರೆ... ನಾನೇ!"

ಹೇಳು! ಈಗಲೇ ಹೇಳು! ಒಳಗಿನಿಂದ ಮನಸ್ಸು ಕಿರುಚಿತು. ಕೇಬಲ್ ಕೀಳಲಿಲ್ಲ, ನೋಡದೆ ಸೊನ್ನೆ ಒತ್ತಿದೆ, ತಪ್ಪು ನಂದು ಅಂತ ಹೇಳಿಬಿಡು!

ಬಾಯಿಗೆ ಬೀಗ ಬಿದ್ದಿತ್ತು. ಆ ನಿಮಿಷ ಹೋಯಿತು. ಮರುದಿನ ಇನ್ನೂ ಕಷ್ಟವಾಯಿತು. ವಾರ ಕಳೆದ ಮೇಲೆ ಕೇಳಲೇಬೇಡಿ.

* * *

ಅವತ್ತು ಸಂಜೆಯೇ ಚಿಕ್ಕ ಡಿಸ್ಕನ್ನು ಒರೆಸಿ ಹೊಸದಾಗಿ ವಿಂಡೋಸ್ ಹಾಕಿಕೊಟ್ಟಳು. ದೊಡ್ಡದನ್ನು ಬಿಚ್ಚಿ ತಾನೇ ಇಟ್ಟುಕೊಂಡಳು.

ಪರದೆ ಬೆಳಗಿತು. ಒಂದೂ ಚಿತ್ರವಿಲ್ಲದ ನೀಲಿ. ಮೂಲೆಯಲ್ಲಿ ಒಂದು ಕಸದ ಬುಟ್ಟಿ, ಅದೂ ಖಾಲಿ.

"ಮೊದಲು ಆನ್ ಮಾಡಿದ್ರೆ ಅವಳ ಹೆಸರು ಬರೋದು," ಅಂದ. "ಅವಳೇ ಹಾಕಿದ್ಲು. ಬೋರ್ಡಿನ ಮೇಲೆ ನಿಮ್ಮ ಹೆಸರು, ಕಂಪ್ಯೂಟರಲ್ಲಿ ನಂದು ಅಂತ ಜಗಳ ಮಾಡಿ..."

"ನಾನು ಹುಡುಕ್ತೀನಿ," ಅಂದಳು ಅವಳು. "ಉಳಿದಿರೋ ಅರ್ಧದಲ್ಲಿ ಏನೇನು ಸಿಗತ್ತೋ ಅಷ್ಟೂ ಹುಡುಕ್ತೀನಿ. ನನ್ನಾಣೆ."

"ನಿಮಗ್ಯಾಕೆ ಇಷ್ಟು ಕಷ್ಟ?"

ಅವಳು ದೊಡ್ಡ ಡಿಸ್ಕನ್ನು ಬಟ್ಟೆಯಲ್ಲಿ ಸುತ್ತಿ ಡ್ರಾಯರಿನಲ್ಲಿಟ್ಟಳು.

ಡಿಸ್ಕಿಗೆ ಏಟಾಗದ ಹಾಗೆ ಅದರದೊಂದು ನಕಲು ತೆಗೆದಳು. ನಕಲಿನೊಳಗೆ ಹೆಸರಿಲ್ಲದ ನಾಲ್ಕು ಸಾವಿರ ಚೂರು ಸಿಕ್ಕವು. ಆ ಆರುನೂರು ಮಾತಿನಲ್ಲಿ ಹೆಚ್ಚಿನವು ಅಳಿದ ಅರ್ಧದಲ್ಲೇ ಹೋಗಿದ್ದವು; ಸಿಕ್ಕ ಚೂರುಗಳು ಹೆಚ್ಚಾಗಿ ಬರೀ ಕೀಚು ಸದ್ದು, ಕೊರೆತ, ಗೊರಗೊರ. ದನಿ ಯಾವುದು, ಕಸ ಯಾವುದು ಅಂತ ಮೆಷಿನ್ ಹೇಳಲಾರದು. ಕಿವಿಯಿಂದಲೇ ಕೇಳಬೇಕು. ದಿನವೂ ಕೆಲಸದ ನಡುವೆ ಹೆಡ್‌ಫೋನ್ ಹಾಕಿಕೊಂಡು ಕೂತಳು. ಕಿವಿ ಉರಿಯಿತು, ತಲೆ ಸಿಡಿಯಿತು. ಗಿರಾಕಿಗಳಿಗೆ ಬೈಯುವುದನ್ನೂ ಮರೆತಳು. ಡಾಕ್ಟ್ರಮ್ಮನಿಗೇ ಹುಷಾರಿಲ್ಲವೇನೋ ಅಂತ ಬೀದಿಯವರು ಮಾತಾಡಿಕೊಂಡರು.

ಹತ್ತೊಂಬತ್ತನೆಯ ದಿನ, ಗೊರಗೊರದ ನಡುವೆ, ಒಂದು ಹೆಣ್ಣುದನಿ.

"...ಸ್ಟವ್ ಆರಿಸಿದ್ರಾ? ಹೋಗಿ ನೋಡಿ ಮತ್ತೆ. ಆರಿಸಿದ್ದೀನಿ ಅಂತ ಸುಳ್ಳು ಹೇಳ್ಬೇಡಿ, ನಂಗೊತ್ತು ನಿಮ್ಮ..."

ಅಷ್ಟೇ. ಐದಾರು ಸೆಕೆಂಡು.

ಫೋನ್ ಮಾಡಿದ ಹತ್ತು ನಿಮಿಷಕ್ಕೆ ಅವನು ಅಂಗಡಿಯಲ್ಲಿದ್ದ. ಹೆಡ್‌ಫೋನ್ ಹಾಕಿಕೊಂಡು ಕೇಳಿದ. ಮತ್ತೆ ಕೇಳಿದ. ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟು ಅವಳ ಎರಡೂ ಕೈ ಹಿಡಿದುಕೊಂಡು ಹಣೆಗೊತ್ತಿಕೊಂಡ. ಅವಳಿಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

ಕಳ್ಳಿ ನಾನು... ಕದ್ದವಳೇ ಹುಡುಕಿಕೊಟ್ಟ ಹಾಗಾಯ್ತಲ್ಲ!

ಅಲ್ಲಿಂದ ಅವನು ದಿನಾ ನಾಲ್ಕು ಗಂಟೆಗೆ ಬರತೊಡಗಿದ. ಚೂರು ಸಿಕ್ಕಿದರೂ ಸರಿ, ಸಿಗದಿದ್ದರೂ ಸರಿ. ಎರಡು ಲೋಟ ಟೀ ಹಿಡಿದುಕೊಂಡೇ ಬರುತ್ತಿದ್ದ. ಬೆಂಕಿ ಸಿಲಿಂಡರ್ ಬದಲಾಯಿಸಿದ. ಗೋಡೆಯ ನಿಯಮಗಳನ್ನು ಕಿತ್ತು ಹೊಸ ಅಕ್ಷರದಲ್ಲಿ ಕತ್ತರಿಸಿ ಅಂಟಿಸಿದ. 'ಗಿರಾಕಿಗಳಿಗೆ ಬೈಯಲಾಗುವುದು' ಅಂತ ಕೊನೆಗೊಂದು ಸಾಲು ತಾನೇ ಸೇರಿಸಿದ. ಅವಳು ಎಷ್ಟೋ ದಿನಕ್ಕೆ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಎರಡನೆಯ ಚೂರಿನಲ್ಲಿ ಹಾಲು ಉಕ್ಕುವ ಎಚ್ಚರಿಕೆ. ಮೂರನೆಯದರಲ್ಲಿ ಬರೀ ನಗು, ನಡುವೆ ಕೆಮ್ಮು. ಆ ನಗು ಕೇಳಿ ಕೇಳಿ ಅವಳಿಗೆ ನರ್ಸಮ್ಮನ ಮೇಲೆ ಒಂಥರಾ ಅಕ್ಕರೆ ಹುಟ್ಟಿತು. ಇಂಥವಳ ಮನೆಯಲ್ಲಿ ನಾನು ಕೈ ಹಾಕಿದೆನಲ್ಲ! ಈಗ ಅವಳ ಗಂಡ ನಾಲ್ಕು ಗಂಟೆಗೆ ಬರಲಿ ಅಂತ ಮೂರೂವರೆಯಿಂದ ಬಾಗಿಲು ನೋಡ್ತೀನಲ್ಲ!

ಹೌದು. ಪ್ರೀತಿ ಆಗಿಹೋಗಿತ್ತು. ಯಾವ ಬಾಯಲ್ಲಿ ಹೇಳುವುದು? ಅವಳನ್ನು ಅಳಿಸಿ ಆ ಜಾಗದಲ್ಲಿ ತಾನು ಕೂರುವುದೆಂದರೆ... ಯೋಚಿಸಿದರೇ ಮೈ ಬೆವರುತ್ತಿತ್ತು.

ಎರಡು ತಿಂಗಳಾದ ಮೇಲೆ ದೊಡ್ಡಪ್ಪ ಕರಿ ಕನ್ನಡಕ ಹಾಕಿಕೊಂಡು ವಾಪಸ್ ಬಂದರು. ಅವನ ಜೊತೆ ಟೀ ಕುಡಿದರು. ನಡೆದದ್ದನ್ನು ಅವನೇ ಹೇಳಿದ. "ನಂದೇ ತಪ್ಪು, ನಾನೇ ಒತ್ತಿದೆ," ಅಂದ. ದೊಡ್ಡಪ್ಪ ಹೂಂಗುಟ್ಟುತ್ತಾ ಕೇಳಿದರು. ಅವನು ಹೋದ ಮೇಲೆ ಕನ್ನಡಕ ತೆಗೆದು ಒರೆಸಿದರು.

"ಕೇಬಲ್ ಕಿತ್ತ ಡಿಸ್ಕು ಹೇಗೆ ಅಳಿಯತ್ತೆ ಮಗಳೇ?"

ಅವಳು ತಲೆ ತಗ್ಗಿಸಿದಳು. ಕಣ್ಣೀರು ಕೀಬೋರ್ಡಿನ ಮೇಲೆ ತೊಟ್ಟಿಕ್ಕಿತು.

"ನಾನು ಅವನಿಗೆ ಹೇಳಲ್ಲ," ಅಂದರು ದೊಡ್ಡಪ್ಪ. "ನನ್ನ ಅಂಗಡಿ ಅಂತ ನಾಚಿಕೆಯಾಗಿ ಅಲ್ಲ. ಅದು ನಿನ್ನ ಬಾಯಿಂದ ಬರಬೇಕು. ಆ ಹುಡುಗ ನಿನ್ನ ನೋಡೋ ರೀತಿ ನೋಡಿದೆ. ಆಪರೇಷನ್ ಆದ್ಮೇಲೆ ನಂಗೆ ಎಲ್ಲಾ ಚೆನ್ನಾಗೇ ಕಾಣತ್ತೆ."

"ಹೇಳಿದ್ರೆ ಅವರು ಹೋಗ್ಬಿಡ್ತಾರೆ ದೊಡ್ಡಪ್ಪ."

"ಹೋಗಬಹುದು," ಅಂದರು. ಬೇರೆ ಸಮಾಧಾನ ಹೇಳಲಿಲ್ಲ.

ಅವಳು ಇನ್ನೂ ಎರಡು ತಿಂಗಳು ದೂಡಿದಳು. ನಾಳೆ ಹೇಳ್ತೀನಿ, ಇನ್ನೊಂದು ಚೂರು ಸಿಗಲಿ ಹೇಳ್ತೀನಿ... ಹನ್ನೊಂದು ಚೂರು ಸಿಕ್ಕವು. ಹೇಳಲಿಲ್ಲ.

ಒಂದು ಶುಕ್ರವಾರ ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದ. ಗುಂಡಿಗಳೆಲ್ಲ ಸರಿಯಾಗಿದ್ದವು. ಟೀ ಲೋಟ ಕೈಯಲ್ಲೇ ಹಿಡಿದು ನಿಂತ.

"ಭಾನುವಾರ ನಮ್ಮಕ್ಕ ಬರ್ತಾಳೆ. ನಿಮ್ಮನ್ನ... ನೋಡಬೇಕಂತೆ. ಯಾಕೆ ಅಂತ ನಿಮಗೆ ಗೊತ್ತಲ್ಲ?"

ಬದುಕಿನಲ್ಲಿ ಯಾವ ಮಾತಿಗೆ ಕಾದಿದ್ದಳೋ ಅದೇ ಮಾತು! ಆದರೂ ಕಾಯಿಸಿದ ಸೀಸ ಕಿವಿಗೆ ಹೊಯ್ದ ಹಾಗಾಯಿತು.

"ಅದಕ್ಕೆ ಮುಂಚೆ," ಅಂದ ಅವನು, ಬೆವರು ಒರೆಸಿಕೊಳ್ಳುತ್ತಾ, "ನಿಮಗೊಂದು ಮಾತು ಹೇಳಬೇಕು. ಆ ದಿನ ನಾನು..."

"ಬೇಡ! ಮೊದಲು ನಾನು ಹೇಳ್ತೀನಿ. ಈಗ ಹೇಳದಿದ್ರೆ ಜನ್ಮದಲ್ಲಿ ಹೇಳಲ್ಲ." ಅವಳು ಕೌಂಟರಿನ ಅಂಚು ಬಿಗಿಯಾಗಿ ಹಿಡಿದುಕೊಂಡಳು. "ತಪ್ಪು ನಿಮ್ಮದಲ್ಲ. ನಂದು. ನಿಮ್ಮ ದೊಡ್ಡ ಡಿಸ್ಕಿನ ಕೇಬಲ್ ನಾನು ಕೀಳಬೇಕಿತ್ತು. ಕೀಳಲಿಲ್ಲ. ನೀವು ಅತ್ರಿ, ನಾನು ನೀರು ತರೋಕೆ ಓಡಿದೆ, ಮರೆತೆ. ಆಮೇಲೆ ನೋಡದೆ ಸೊನ್ನೆ ಒತ್ತಿದೆ. ನಿಮ್ಮ ಹೆಂಡತಿನ ಅಳಿಸಿದ್ದು ನಾನು. ನಾಲ್ಕು ತಿಂಗಳಿಂದ ನೀವು ನಾನೇ ನಾನೇ ಅಂತ ಕೊರಗೋದನ್ನ ನೋಡ್ಕೊಂಡು, ನಿಮ್ಮ ಟೀ ಕುಡ್ಕೊಂಡು, ಸುಮ್ಮನಿದ್ದೆ!"

ಅವನ ಮುಖದಲ್ಲಿ ರಕ್ತವೇ ಇರಲಿಲ್ಲ.

"ಇಷ್ಟು ದಿನ... ಇದನ್ನ ಹೊತ್ಕೊಂಡಿದ್ರಾ?"

"ಹೂಂ."

ಅವನು ಲೋಟ ಕೌಂಟರಿನ ಮೇಲಿಟ್ಟ. ತಿರುಗಿ ಬಾಗಿಲು ತಳ್ಳಿಕೊಂಡು ಹೋದ. ಕುಡಿಯದ ಟೀ ಅಲ್ಲೇ ಕೆನೆಗಟ್ಟಿತು.

ಭಾನುವಾರ ಯಾವ ಅಕ್ಕನೂ ಬರಲಿಲ್ಲ.

* * *

ಐದು ವಾರ. ನಾಲ್ಕು ಗಂಟೆ ದಿನವೂ ಬಂತು, ಅವನು ಬರಲಿಲ್ಲ.

ಫೋನ್ ಮಾಡಿದಳೇ? ಇಲ್ಲ. ಯಾವ ಮುಖ ಇಟ್ಟುಕೊಂಡು ಮಾಡುವುದು? ಒಂದು ದಿನ ಅವನ ವರ್ಕ್‌ಶಾಪಿನ ಬೀದಿಯವರೆಗೂ ಹೋದಳು. ಒಳಗೆ ಮೆಷಿನ್ ಓಡುವ ಸದ್ದು ಕೇಳಿಸಿತು. ಬದುಕಿದ್ದಾನೆ, ಕೆಲಸ ಮಾಡ್ತಿದ್ದಾನೆ, ಸಾಕು ಅಂದುಕೊಂಡು ತಿರುಗಿ ಬಂದಳು. ದಾರಿಯುದ್ದಕ್ಕೂ ಅತ್ತಳು. ನೋಡಿದವರು ನೋಡಲಿ ಅಂತ ಅತ್ತಳು.

ದ್ವೇಷ ಮಾಡ್ತಾನೆ. ಮಾಡಲೇಬೇಕು. ನಾನಾಗಿದ್ರೆ ಅಂಗಡಿಗೆ ಬೆಂಕಿ ಹಚ್ತಿದ್ದೆ.

ಆದರೂ ಹೆಡ್‌ಫೋನ್ ಮಾತ್ರ ಕೆಳಗಿಡಲಿಲ್ಲ. ಆಣೆ ಮಾಡಿದ್ದಳಲ್ಲ! ನಾಲ್ಕು ಸಾವಿರದಲ್ಲಿ ಮುನ್ನೂರು ಉಳಿದಿದ್ದವು. ಆಮೇಲೆ ನೂರು. ಆಮೇಲೆ ಇಪ್ಪತ್ತು. ಕೊನೆಯ ನಾಲ್ಕೈದರಲ್ಲಿ ಒಂದನ್ನು ಒತ್ತಿದಾಗ ನರ್ಸಮ್ಮ ಮಾತಾಡಿದಳು. ಹನ್ನೆರಡನೆಯ ಚೂರು. ಅದು ಮಿಕ್ಕವಕ್ಕಿಂತ ಉದ್ದವಿತ್ತು.

ಅವಳು ಪೂರ್ತಿ ಕೇಳಿದಳು. ಹೆಡ್‌ಫೋನ್ ತೆಗೆದಿಟ್ಟು, ಎದ್ದು ಚಪ್ಪಲಿ ಮೆಟ್ಟಿದಳು.

"ಕೊಟ್ಟು ಬರ್ತೀನಿ ದೊಡ್ಡಪ್ಪ. ಬಾಗಿಲಲ್ಲೇ ಕೊಟ್ಟು ಬಂದ್ಬಿಡ್ತೀನಿ."

"ಲ್ಯಾಪ್‌ಟಾಪ್ ತಗೊಂಡ್ ಹೋಗು. ಅವನು ಅಲ್ಲೇ ಕೇಳ್ಬೇಕು ಅಂದ್ರೆ?" ಅಂದರು ದೊಡ್ಡಪ್ಪ.

ವರ್ಕ್‌ಶಾಪ್ ಬಣ್ಣದ ವಾಸನೆಯಿಂದ ತುಂಬಿತ್ತು. ಗೋಡೆಗೆ ಒರಗಿಸಿದ ಬೋರ್ಡುಗಳು, ಮೂಲೆಯಲ್ಲಿ ಸ್ಟವ್ ಮೇಲೊಂದು ಟೀ ಪಾತ್ರೆ, ನೆಲದ ತುಂಬಾ ಕತ್ತರಿಸಿ ಬಿದ್ದ ಅಕ್ಷರದ ಚೂರು. ಅವನು ಮೊಣಕಾಲೂರಿ ಒಂದು ಬೋರ್ಡಿನ ಮೇಲೆ ಬಗ್ಗಿದ್ದ. ಮತ್ತೆ ಗಡ್ಡ ಬೆಳೆದಿತ್ತು. ಮತ್ತೆ ಗುಂಡಿ ತಪ್ಪಿತ್ತು.

"ಕ್ಷಮೆ ಕೇಳೋಕೆ ಬಂದಿಲ್ಲ," ಅಂದಳು ಬಾಗಿಲಿನಿಂದಲೇ. "ಇನ್ನೊಂದು ಚೂರು ಸಿಕ್ತು. ಕೊನೇದು. ಕೊಟ್ಟು ಹೋಗ್ತೀನಿ."

ಅವನು ಎದ್ದು ನಿಂತ. "ಕೂತ್ಕೊಳ್ಳಿ."

"ಬೇಡ."

"ಕೂತ್ಕೊಳ್ಳಿ ಡಾಕ್ಟ್ರಮ್ಮ. ನಾನು ಹೇಳೋದು ಕೇಳಿದ್ಮೇಲೆ ನೀವೇ ಎದ್ದು ಹೋಗ್ತೀರ. ಅಲ್ಲಿವರೆಗಾದ್ರೂ ಕೂತ್ಕೊಳ್ಳಿ."

ಅವಳು ಸ್ಟೂಲಿನ ತುದಿಯಲ್ಲಿ ಕೂತಳು. ಅವನು ನಿಂತೇ ಇದ್ದ, ಅಪರಾಧಿಯ ಹಾಗೆ.

"ಮೊದಲ ದಿನ ನಾನು ನಿಮ್ಮ ಸಿಲಿಂಡರಿನ ತಾರೀಖು ಓದಿದ್ದು ನೆನಪಿದೆಯಾ?"

"ಇದೆ..."

"ಅಷ್ಟು ಸಣ್ಣ ಅಕ್ಷರ ಓದಿದವನು, ಮೂಗಿನ ಕೆಳಗಿದ್ದ ಒಂಬೈನೂರ ಮೂವತ್ತೊಂದು ಅನ್ನೋದನ್ನ ಓದದೆ ಇರ್ತೀನಾ?"

ಅವಳಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಆಮೇಲೆ ಎಲ್ಲಾ ಒಟ್ಟಿಗೆ ಬಂತು. ಕೀಲಿಯ ಮೇಲೆ ಅಷ್ಟು ಹೊತ್ತು ನಿಂತ ಬೆರಳು! ಏದುಸಿರು ಬಿಡುತ್ತಾ ಓಡಿ ಬಂದದ್ದು! ಎಲ್ಲಾ ಸರಿಯಾಗಿದೆ ಅಂದುಕೊಂಡಿದ್ದರೆ ಯಾರಾದರೂ ಹಾಗೆ ಓಡಿ ಬರುತ್ತಾರಾ? ನಿಲ್ಲಿಸಿ ಅಂತ ಯಾಕೆ ಅಂದ ಅಂತ ಅವಳು ಐದು ತಿಂಗಳಲ್ಲಿ ಒಂದು ಸಲವೂ ಕೇಳಿಕೊಂಡಿರಲಿಲ್ಲ. ತನ್ನ ತಪ್ಪನ್ನು ನೋಡಿಕೊಳ್ಳುವುದರಲ್ಲೇ ಮುಳುಗಿದ್ದಳು.

"ನಿಮಗೆ... ಗೊತ್ತಿತ್ತಾ?"

"ಮೂರು ಸಲ ಓದಿದೆ." ಅವನ ದನಿ ಒಡೆಯಿತು. "ಎರಡು ವರ್ಷ ಅದನ್ನೇ ಹಾಕ್ಕೊಂಡು ಕೂತಿದ್ದೆ. ಬೆಳಗ್ಗೆ ಎದ್ದು ಅದೇ, ಕೆಲಸ ಬಿಟ್ಟು ಬಂದು ಅದೇ. ಊಟ ಇಲ್ಲ, ನಿದ್ದೆ ಇಲ್ಲ. ಸ್ಟವ್ ಆರಿಸಿದ್ರಾ ಅಂತ ಅವಳು ಕೇಳೋದು, ಆರಿಸಿದ್ದೀನಿ ಕಣೇ ಅಂತ ಖಾಲಿ ಮನೆಗೆ ನಾನು ಹೇಳೋದು. ಹುಚ್ಚನಾಗ್ತಿದ್ದೆ. ಅಳಿಸೋಣ ಅಂದ್ರೆ ಕೈ ಬರ್ತಿರಲಿಲ್ಲ. ಅವತ್ತು ಪರದೆ ಮೇಲೆ ಆ ಸಂಖ್ಯೆ ಬಂತು. ತಪ್ಪು ಯಾರದೋ, ಬೆರಳು ಮಾತ್ರ ನಂದು... ಆಗಿಹೋಗಲಿ ಅನ್ನಿಸ್ತು. ಒತ್ತಿಬಿಟ್ಟೆ."

ಅವನು ಬಗ್ಗಿ ನೆಲದ ಮೇಲಿದ್ದ ಅಕ್ಷರದ ಚೂರೊಂದನ್ನು ಎತ್ತಿಕೊಂಡ.

"ಬೀದಿ ಕೊನೆ ಮುಟ್ಟೋ ಹೊತ್ತಿಗೆ ಅವಳನ್ನ ಎರಡನೇ ಸಲ ಸಾಯಿಸಿದೆ ಅನ್ನಿಸ್ತು. ಆದ್ರೆ ವಾಪಸ್ ಬರೋಕೆ ಕಾಲು ಬರಲಿಲ್ಲ. ಸುತ್ತಿದೆ, ಸುತ್ತಿದೆ... ಕೊನೆಗೆ ಓಡಿ ಬಂದೆ. ತಡವಾಗಿತ್ತು."

ಅವಳು ಬಾಯಿಗೆ ಕೈ ಅಡ್ಡ ಹಿಡಿದಿದ್ದಳು.

"ಆ ಶುಕ್ರವಾರ ಇದನ್ನೇ ಹೇಳೋಕೆ ಬಂದಿದ್ದೆ. ನೀವು ಮೊದಲು ಹೇಳಿಬಿಟ್ರಿ. ಅಷ್ಟು ಧೈರ್ಯವಾಗಿ! ನಿಮ್ಮದು ಕೈ ಮರೆತಿದ್ದು, ನಂದು ಕೈಯಾರೆ ಒತ್ತಿದ್ದು. ನನಗೋಸ್ಕರ ನಾಲ್ಕು ತಿಂಗಳು ನೀವು ಒಳಗೊಳಗೇ ಸತ್ರಿ ಅಂತ ಗೊತ್ತಾದ ಮೇಲೆ ಯಾವ ಮುಖ ಇಟ್ಕೊಂಡು ನಿಲ್ಲಲಿ? ಓಡಿಹೋದೆ."

ಅವಳು ದಿಢೀರನೆ ಎದ್ದಳು. ಸ್ಟೂಲು ಉರುಳಿ ಬಿತ್ತು.

"ಐದು ವಾರ! ಐದು ವಾರ ರೀ! ನೀವು ನನ್ನ ದ್ವೇಷ ಮಾಡ್ತೀರ ಅಂತ ಅನ್ನ ನೀರು ಬಿಟ್ಟು ಕೂತಿದ್ದೆ! ನಾಲ್ಕು ಸಾವಿರ ಚೂರು ರೀ! ಕಿವಿ ತೂತಾಗೋ ಹಾಗೆ ಹುಡುಕಿದೆನಲ್ಲ, ಬೇಡ ಅಂತ ಒಂದು ಮಾತು ಹೇಳೋಕಾಗಲಿಲ್ವಾ ನಿಮ್ಗೆ?"

"ಆಗಲಿಲ್ಲ."

"ಯಾಕೆ?"

"ಮೊದಮೊದಲು ಅವಳ ದನಿ ಬೇಕಿತ್ತು." ಅವನು ನೆಲ ನೋಡಿದ. "ಆಮೇಲೆ... ನೀವು ಹುಡುಕೋದು ನಿಲ್ಲಿಸಿದ್ರೆ ನಾಲ್ಕು ಗಂಟೆಗೆ ಬರೋಕೆ ನೆಪ ಇರ್ತಿರಲಿಲ್ಲ."

ಆ ಮಾತು ಸಿಹಿಯಾಗಿತ್ತು, ಆದರೆ ಸಂತೋಷವಾಗಲಿಲ್ಲ. ಇಬ್ಬರ ನಡುವೆ ಸತ್ತ ಹೆಣ್ಣೊಬ್ಬಳ ಅರ್ಧ ದನಿ ಇತ್ತು. ಅದನ್ನು ಇಬ್ಬರೂ ಸೇರಿಯೇ ಕಳೆದಿದ್ದರು. ಅವಳು ಉರುಳಿದ ಸ್ಟೂಲನ್ನು ಎತ್ತಿ ನಿಲ್ಲಿಸಿ, ಲ್ಯಾಪ್‌ಟಾಪ್ ತೆರೆದು ಹೆಡ್‌ಫೋನ್ ಚಾಚಿದಳು. ಅವನು ಅದನ್ನು ತೆಗೆದುಕೊಳ್ಳಲಿಲ್ಲ.

"ಜೋರಾಗೇ ಹಾಕಿ. ಇಬ್ರೂ ಕೇಳೋಣ."

ಒತ್ತಿದಳು. ಗೊರಗೊರ. ಆಮೇಲೆ ಆ ದನಿ.

"...ಅಕ್ಕನ ಮನೆಯಿಂದ ಬರೋದು ಲೇಟಾಗತ್ತೆ. ಕಾಯ್ಕೊಂಡು ಕೂರಬೇಡಿ, ಕೇಳಿಸ್ತಾ? ಊಟ ಮಾಡಿಬಿಡಿ. ಹಸ್ಕೊಂಡು ಕೂತಿದ್ರೆ ನಾನು ಬಂದು..."

ನಿಂತಿತು.

ಅವನು ಕಣ್ಣು ಮುಚ್ಚಿದ್ದ. ಕೆನ್ನೆಯ ಮೇಲೆ ನೀರು ಇಳಿದು ಗಡ್ಡದಲ್ಲಿ ಸೇರಿತು.

"ಆ ದಿನ ನೆನಪಿದೆ," ಅಂದ. "ಮಾತು ಕೇಳಲಿಲ್ಲ ನಾನು. ಹಸ್ಕೊಂಡೇ ಕಾದೆ. ಬಂದು ಬೈದ್ಲು ನೋಡಿ... ಬೈತಾ ಬೈತಾನೇ ಬಡಿಸಿದ್ಲು." ಅವನು ಮುಖ ಒರೆಸಿಕೊಂಡ. "ಯಾವತ್ತೂ ಅವಳ ಮಾತು ಕೇಳಲಿಲ್ಲ ನಾನು."

ಅವಳು ಅವನ ಬಣ್ಣ ಮೆತ್ತಿದ ಕೈ ಹಿಡಿದುಕೊಂಡಳು. ಇಬ್ಬರೂ ಅತ್ತರು. ಯಾರಿಗಾಗಿ ಯಾರು ಎಷ್ಟು ಅತ್ತರೋ ಲೆಕ್ಕ ಇಡಲಿಲ್ಲ.

ಬಹಳ ಹೊತ್ತಿನ ಮೇಲೆ ಅವಳು ಚೀಲದಿಂದ ಒಂದು ಪೆನ್‌ಡ್ರೈವ್ ತೆಗೆದು ಅವನ ಅಂಗೈಯಲ್ಲಿಟ್ಟಳು.

"ಹನ್ನೆರಡೂ ಇದರಲ್ಲಿವೆ. ಇನ್ನೇನೂ ಉಳಿದಿಲ್ಲ. ಮೂರು ಕಾಪಿ ಮಾಡಿದ್ದೀನಿ. ಇದು ನಿಮಗೆ. ಒಂದು ದೊಡ್ಡಪ್ಪನ ಬೀರುವಿನಲ್ಲಿ. ಇನ್ನೊಂದು ನನ್ನ ಹತ್ರ."

"ನಿಮ್ಮ ಹತ್ರ ಯಾಕೆ?"

"ನೀವು ಎಂಥ ಮರೆಗುಳಿ ಅಂತ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕೇಳಿ ಕಲ್ತುಕೋತೀನಿ." ಅವಳು ಕೈ ಚಾಚಿ ಅವನ ಅಂಗಿಯ ತಪ್ಪಿದ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿ ಸರಿಯಾಗಿ ಹಾಕಿದಳು. "ನಿಮ್ಮಲ್ಲಿ ನಾನು ಅವರ ಜಾಗಕ್ಕೆ ಬರಲ್ಲ. ಅದರ ಮೇಲೆ ನೀವೇ ಬರೆದು ಅಂಟಿಸಿದ್ದೀರಲ್ಲ, ಮುಟ್ಟಬೇಡಿ ಅಂತ. ಇನ್ನು ಮುಟ್ಟಲ್ಲ. ಪಕ್ಕದಲ್ಲಿ ಜಾಗ ಇದ್ರೆ ಹೇಳಿ."

ಇದೆ ಅನ್ನುವಂತೆ ಅವನು ತಲೆಯಾಡಿಸಿದ. ಅವಳ ಭುಜದ ಮೇಲೆ ಹಣೆಯಿಟ್ಟು ಮತ್ತೆ ಮತ್ತೆ ತಲೆಯಾಡಿಸಿದ.

"ನಾಲ್ಕು ಗಂಟೆ ಆಗ್ತಾ ಬಂತು," ಅಂದಳು ಅವಳು ಮೂಗೊರೆಸಿಕೊಳ್ಳುತ್ತಾ. "ನಡೀರಿ. ದೊಡ್ಡಪ್ಪ ಕಾಯ್ತಿರ್ತಾರೆ. ಊಟ ಮಾಡಿದ್ರಾ?"

"ಇಲ್ಲ."

"ಮಾಡಿರಲ್ಲ ಅಂತ ಗೊತ್ತಿತ್ತು."

ಇಬ್ಬರೂ ಬೀದಿಗಿಳಿದರು. ಹತ್ತು ಹೆಜ್ಜೆ ಹೋಗಿ ಅವಳು ನಿಂತಳು.

"ರೀ, ಒಳಗೆ ಟೀಗೆ ಇಟ್ಟಿದ್ದ ಹಾಗಿತ್ತು... ಸ್ಟವ್ ಆರಿಸಿದ್ರಾ?"

ಅವನು ಅವಳನ್ನೇ ನೋಡಿದ. ಎರಡೂವರೆ ವರ್ಷದ ಮೇಲೆ, ಉಸಿರಾಡುವ ಒಬ್ಬರ ಬಾಯಿಂದ, ಅದೇ ಪ್ರಶ್ನೆ.

"ಆರಿಸಿದ್ದೀನಿ..." ಅಂದವನು ತಡೆದ. ಅಳುವಿನ ನಡುವೆಯೇ ಸಣ್ಣಗೆ ನಕ್ಕ. "ಇರಿ. ನೋಡ್ಕೊಂಡು ಬರ್ತೀನಿ."

"ಹೋಗಿ ಬನ್ನಿ. ಇಲ್ಲೇ ನಿಂತಿರ್ತೀನಿ."